ಪಾಲಾಕ್ಷಯ್ಯನವರ ಪಿಸ್ತೂಲಿನ ಹಿಡಿ

ಹೊಳೆನರಸೀಪುರದ ಜವಳಿ ವ್ಯಾಪಾರಿ ಪಾಲಾಕ್ಷಯ್ಯನವರು ಪಿಸ್ತೂಲಿಗೆ ಲೈಸೆನ್ಸು ಪಡೆದದ್ದು ಕಳ್ಳರಿಗಾಗಿ. ಅದಕ್ಕೆ ಇದುವರೆಗೆ ಬಲಿಯಾದದ್ದು ಹಿತ್ತಲಿನ ತೆಂಗಿನ ಚಿಪ್ಪುಗಳು ಮಾತ್ರ, ಅವೂ ಎರಡೋ ಮೂರೋ. ಭಾನುವಾರ ಬಂತೆಂದರೆ ಪೇಟ ಸುತ್ತಿಕೊಂಡು, ಅಂಗೈಯಗಲದ ಆ ಪಿಸ್ತೂಲನ್ನು ಹಾವಿನ ಕತ್ತಿನಂತೆ ಹಿಸುಕಿ ಹಿಡಿದು ಐದು ಗುಂಡು ಹಾರಿಸುವರು. ಆಮೇಲೆ ಜಗಲಿಯಲ್ಲಿ ಕೂತು, “ಸುವರ್ಣಾ, ಕೈ ಓಯ್ತು ಕಣೇ! ಮದ್ದಿನ ಏಟು ಅಂದ್ರೆ ಎಂಗಸ್ರಿಗೇನ್ ಗೊತ್ತು?” ಎಂದು ಹೆಂಡತಿಯತ್ತ ಕೈ ಚಾಚುವರು. ಸುವರ್ಣಮ್ಮ ಹರಳೆಣ್ಣೆ ಬಿಸಿಮಾಡಿ ಗಂಟೆಗಟ್ಟಲೆ ನೀವಬೇಕು. ಬಳಿಕ ಹತ್ತು ಜನರ ಮುದ್ದೆಗೆ ರಾಗಿ ಬೀಸಲು ಕೂತರೆ ಅವರ ಮಣಿಕಟ್ಟೇ ಏಳದು. ಒಂದು ಭಾನುವಾರ ಅವರು ಎಣ್ಣೆ ತರಲಿಲ್ಲ. ಗಂಡನನ್ನು ರಾಗಿಕಲ್ಲಿನ ಮುಂದೆ ಕೂರಿಸಿ, “ಗೂಟ ಇಡ್ಕಳಿ. ಅಂಗೆ ಇಸುಕ್‌ಬ್ಯಾಡಿ, ಅದೇನ್ ಓಡೋಗ್ತದಾ? ಮಣಿಕಟ್ಟು ನೆಟ್ಟಗಿರ್ಲಿ, ಬಾರ ತೋಳಿಗೆ ಓಗ್ಲಿ” ಎಂದರು. ಪಾಲಾಕ್ಷಯ್ಯನವರು ನಾಲ್ಕು ಸುತ್ತು ಬೀಸಿದರು, ಎದ್ದು ಹೋಗಿ ಪಿಸ್ತೂಲನ್ನೂ ಹಾಗೆಯೇ ಹಿಡಿದು ಹೊಡೆದರು. ಚಿಪ್ಪು ಹಾರಿತು, ಕೈ ನೋಯಲಿಲ್ಲ. “ಇದ್ನ ಯಾವಾಗ್ ಕಲ್ತೆ ನೀನು?” ಎಂದರು ಬೆರಗಾಗಿ. “ಮದ್ವೆಯಾಗಿ ಬಂದ್ ವರ್ಸ, ಅಂಗೈಲಿ ಬೊಬ್ಬೆ ಒಡ್ದಾಗ,” ಎಂದರು ಸುವರ್ಣಮ್ಮ, “ಎಣ್ಣೆ ಅಚ್ಚೋರು ಯಾರೂ ಇರ್ಲಿಲ್ವಲ್ಲ, ಬಿರ್‍ರನೆ ಕಲ್ತ್‌ಬುಟ್ಟೆ.”