ದಾರದಕ್ಕನ ಸಕ್ಕರೆ

ಆಸ್ಪತ್ರೆಯಲ್ಲಿ ಹೊಲಿಗೆ ಕೋಣೆ ಅಂತ ಒಂದಿದೆ ಎಂಬುದು ಅಲ್ಲಿನ ಅರ್ಧ ಡಾಕ್ಟರುಗಳಿಗೇ ಗೊತ್ತಿಲ್ಲ. ರೋಗಿಗಳ ಅಂಗಿಯ ಲಾಡಿ, ಆಪರೇಷನ್ನಿಗೆ ಹೊದಿಸುವ ಹಸಿರು ಬಟ್ಟೆ, ಅಂಚು ಹರಿದ ದಿಂಬಿನ ಚೀಲ, ಎಲ್ಲವೂ ನೆಲಮಾಳಿಗೆಯ ನಮ್ಮ ಕೋಣೆಯಿಂದಲೇ ಮೇಲೆ ಹೋಗಬೇಕು. ನಾನು ಬಟ್ಟೆ ಕತ್ತರಿಸುವವಳು, ಅವಳು ಹೊಲಿಯುವವಳು. ಅವಳನ್ನು ಎಲ್ಲರೂ ದಾರದಕ್ಕ ಅಂತಾರೆ, ನನ್ನನ್ನು ಕತ್ತರಿ ಅಂತಾರೆ. ಹೆಸರಿಟ್ಟ ಪುಣ್ಯಾತ್ಮ ನನ್ನ ಕೈ ನೋಡಿ ಇಟ್ಟನೋ ನಾಲಿಗೆ ನೋಡಿ ಇಟ್ಟನೋ, ಇವತ್ತಿಗೂ ಅನುಮಾನ.

ದಾರದಕ್ಕನಿಗೆ ಸಕ್ಕರೆ ಕಾಯಿಲೆ ಬಂದದ್ದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ. ಆಗಿನಿಂದ ಸೂಜಿ ಚುಚ್ಚಿಕೊಂಡೇ ಬದುಕಿದವಳು. ಅದು ಯಾಕೆ ಬರುತ್ತದೆ ಅಂತ ನನಗೆ ತಿಳಿದದ್ದು ಸಕ್ಕರೆ ವಿಭಾಗದ ಡಾಕ್ಟರಮ್ಮ ಒಮ್ಮೆ ಬಿಳಿ ಕೋಟಿನ ಗುಂಡಿ ಹಾಕಿಸಿಕೊಳ್ಳಲು ಕೆಳಗೆ ಬಂದಾಗ. ವಯಸ್ಸಿನಲ್ಲಿ ಚಿಕ್ಕವಳು, ಜಂಬವಿಲ್ಲ, ನನ್ನ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಹೇಳಿದಳು.

"ಜೀವಕೋಶದ ಮೈಮೇಲೆಲ್ಲ ಗ್ರಾಹಕ ಅಂತ ಇರ್ತಾವೆ. ಇನ್ಸುಲಿನ್ ಬಂದು ಅದರ ಮೇಲೆ ಕೂತ್ರೆ ಮಾತ್ರ ಕೋಶ ಬಾಗಿಲು ತೆಗೆದು ಸಕ್ಕರೇನ ಒಳಗೆ ಬಿಟ್ಕೊಳ್ಳುತ್ತೆ. ಇವರ ಮೈಯಲ್ಲಿ ಗ್ರಾಹಕಗಳಿಗೆ ಏನೂ ಆಗಿಲ್ಲ, ಎಲ್ಲ ಕಾಯ್ತಾ ಕೂತಿವೆ. ಇನ್ಸುಲಿನ್ ಮಾಡೋ ಕೋಶಗಳೇ ಸತ್ತುಹೋಗಿವೆ. ಹಾಗಾಗಿ ಬರೋರೇ ಇಲ್ಲ."

"ನಮ್ಮನೆ ಥರ ಅನ್ನಿ," ಅಂದಳು ದಾರದಕ್ಕ, ಹಲ್ಲಿನಿಂದ ದಾರ ಕಡಿಯುತ್ತ. ಡಾಕ್ಟರಮ್ಮ ನಕ್ಕಳು. ನನಗೆ ನಗು ಬರಲಿಲ್ಲ, ಏಕೆಂದರೆ ಅವಳ ಮನೆ ನಾನು ನೋಡಿದ್ದೆ. ಜೆರಾಕ್ಸ್ ಅಂಗಡಿಯ ಮೇಲೆ ಒಂದೇ ಕೋಣೆ. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ತೀರಿಹೋದ ತಾಯಿಯ ಫೋಟೊ. ನಾನು ಹೋದಾಗ ಕುರ್ಚಿ ನನಗೆ ಕೊಟ್ಟು ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು, ತಾನೇ ನೆಂಟಳಾಗಿ ಬಂದವಳ ಹಾಗೆ.

ಮದುವೆ ಅವಳೇ ಬೇಡ ಅಂದದ್ದು. ಇದ್ದವನು ತಮ್ಮ ಒಬ್ಬ. ದೂರದ ಊರಿನಲ್ಲಿ ಲೆಕ್ಕದ ಮೇಷ್ಟ್ರು, ಹೆಂಡತಿ, ಒಬ್ಬ ಮಗಳು. ಅಕ್ಕ ತಮ್ಮನಿಗೆ ಜಗಳ ಏನೂ ಇರಲಿಲ್ಲ. ಜಗಳವಾಗಿದ್ದರೆ ಬಯ್ಯುವುದಕ್ಕಾದರೂ ಫೋನ್ ಮಾಡುತ್ತಿದ್ದರು. ತಾಯಿ ಇರುವಾಗ ಇವನ ಸುದ್ದಿ ಅವಳಿಗೆ, ಅವಳ ಸುದ್ದಿ ಇವನಿಗೆ ತಾಯಿಯ ಬಾಯಿಂದಲೇ ಮುಟ್ಟುತ್ತಿತ್ತು. ತಾಯಿ ಹೋದ ಮೇಲೆ ಇಬ್ಬರಿಗೂ ನೇರವಾಗಿ ಮಾತಾಡುವುದೇ ಬರಲಿಲ್ಲ.

ಹಾಗಿರುವಾಗ ಡಾಕ್ಟರಮ್ಮ ಅವಳ ತೋಳಿಗೆ ಒಂದು ಬಿಲ್ಲೆ ಅಂಟಿಸಿದಳು. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಡಿಯಲ್ಲಿ ಕೂದಲಿನಂಥ ತಂತಿ. ಮೈಯೊಳಗೆ ಸಕ್ಕರೆ ಎಷ್ಟಿದೆ ಅಂತ ಅದು ಹಗಲೂ ರಾತ್ರಿ ಅಳೆದು ಫೋನಿಗೆ ಹೇಳುತ್ತದೆ. ಅವಳ ಫೋನಿಗೆ ಮಾತ್ರವಲ್ಲ, ಇನ್ನೊಬ್ಬರ ಫೋನಿಗೂ ಹೇಳುತ್ತದೆ. ಹತ್ತಿರದವರ ನಂಬರು ಕೊಡಿ ಅಂದಾಗ ದಾರದಕ್ಕ ಬಹಳ ಹೊತ್ತು ಯೋಚಿಸಿ ತಮ್ಮನ ನಂಬರು ಕೊಟ್ಟಳು. ಸಕ್ಕರೆ ಎಪ್ಪತ್ತರ ಕೆಳಗಿಳಿದರೆ ಅಷ್ಟು ದೂರದಲ್ಲಿ ಅವನ ಜೇಬಿನಲ್ಲಿ ಫೋನು ಕೂಗಿಕೊಳ್ಳುತ್ತಿತ್ತು.

ಮೊದಲ ಸಲ ಕೂಗಿಕೊಂಡಾಗ ಅವನ ಜೀವವೇ ಬಾಯಿಗೆ ಬಂದಿರಬೇಕು. ಒಂದೇ ಉಸಿರಿಗೆ ಫೋನ್ ಮಾಡಿದ. ಅವಳ ಕೈ ಯಾವಾಗಲೂ ಮಷೀನಿನ ಮೇಲೆ, ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯಲ್ಲಿಡುತ್ತಿದ್ದಳು. ನಾನು ಕಿವಿಗೊಟ್ಟು ಕೇಳಿದೆ ಅಂತ ಯಾರೂ ಅನ್ನಬೇಡಿ, ಕಿವಿ ಮುಚ್ಚಿಕೊಳ್ಳಲಿಲ್ಲ ಅಷ್ಟೆ.

"ಅಕ್ಕ, ಏನಾದ್ರೂ ತಿಂದ್ಯಾ?"

"ತಿಂತಿದ್ದೀನಿ ಕಣೋ."

"ನಂಬರು ಮೇಲೆ ಬರೋವರೆಗೂ ಫೋನ್ ಇಡ್ಬೇಡ."

ನಂಬರು ಮೇಲೆ ಬರಲು ಕಾಲು ಗಂಟೆ ಬೇಕು. ಕಾಲು ಗಂಟೆ ಇಬ್ಬರೂ ಬರೀ ಉಸಿರಾಡುತ್ತ ಕೂರಲು ಆಗುತ್ತದೆಯೇ? ಅವನು ಮಗಳ ಸುದ್ದಿ ಹೇಳಿದ. ಹೊಸ ಹೆಡ್ ಮಾಸ್ಟರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನು ಅಣಕಿಸಿ ತೋರಿಸಿದ. ದಾರದಕ್ಕ ನಕ್ಕಳು, ಮಷೀನು ನಿಲ್ಲಿಸಿ ನಕ್ಕಳು. ಅವಳು ಹಾಗೆ ನಗಬಲ್ಲಳು ಎಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಆಮೇಲೆ ಅವಳ ಸಕ್ಕರೆ ಮೇಲಿಂದ ಮೇಲೆ ಇಳಿಯತೊಡಗಿತು. ಅದೂ ಮಧ್ಯಾಹ್ನವೇ, ತಮ್ಮನ ಶಾಲೆಗೆ ಊಟದ ಬಿಡುವು ಇರುವ ಹೊತ್ತಿಗೇ. ನನ್ನ ಮೂಗಿಗೆ ವಾಸನೆ ಬಡಿಯಿತು. ನೋಡುತ್ತೇನೆ, ಸೂಜಿ ಚುಚ್ಚಿಕೊಂಡು ಊಟದ ಡಬ್ಬಿಯನ್ನು ತೆರೆಯದೆ ಮುಂದಿಟ್ಟುಕೊಂಡು ಕೂತಿದ್ದಾಳೆ. ಇನ್ಸುಲಿನ್ ಒಳಗೆ ಹೋಗಿದೆ, ಅನ್ನ ಹೋಗಿಲ್ಲ. ಸಕ್ಕರೆ ಇಳಿಯದೆ ಇನ್ನೇನಾಗುತ್ತದೆ? ಫೋನ್ ಬಂದ ಮೇಲಾದರೂ ಬೇಗ ಏರುವ ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಳ್ಳುತ್ತಾಳೋ ಅಂದರೆ ಅದೂ ಇಲ್ಲ. ಒಣ ಬಿಸ್ಕತ್ತನ್ನು ಇಲಿಯ ಹಾಗೆ ಚೂರು ಚೂರೇ ಕಡಿಯುತ್ತಿದ್ದಳು. ನಂಬರು ನಿಧಾನ ಏರಿದಷ್ಟೂ ಮಾತು ಉದ್ದ.

"ಇದೇನು ಹುಡುಗಾಟ ಆಡ್ತಿದ್ದೀಯ?" ಅಂದೆ. "ಮಾತಾಡ್ಬೇಕು ಅನ್ಸಿದ್ರೆ ನೀನೇ ಫೋನ್ ಮಾಡು. ಅದಕ್ಕೆ ಸಾಯೋದ್ಯಾಕೆ?"

"ಮಾಡಿ ಏನಂತ ಹೇಳ್ಲಿ?"

"ಸುಮ್ನೆ ಮಾಡ್ದೆ ಅನ್ನು."

"ನಮ್ಮಲ್ಲಿ ಯಾರೂ ಸುಮ್ನೆ ಫೋನ್ ಮಾಡಲ್ಲ," ಅಂದಳು. "ನಿನಗೇನು, ಮನೆ ತುಂಬ ಜನ."

ಜನ ಹೌದು. ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋಗಲೂ ಸರದಿ ಕಾಯಬೇಕು. ಒಂದು ಭಾನುವಾರ ಅವಳನ್ನು ಬಲವಂತವಾಗಿ ಕರೆದುಕೊಂಡು ಹೋದೆ. ನನ್ನ ಅತ್ತೆ, ಮೈದುನ, ಮಕ್ಕಳು ಎಲ್ಲ ಒಟ್ಟಿಗೆ ಕಿರುಚುವ ನಡುವೆ ದಾರದಕ್ಕ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಬಿಸಿಲಿರುವಾಗಲೇ ಹೊರಟಳು. ಬೇರೆಯವರ ಮನೆಯ ಗದ್ದಲ ಅವಳನ್ನು ಇನ್ನಷ್ಟು ಒಂಟಿ ಮಾಡಿ ಕಳಿಸಿತು ಅಂತ ನನಗೆ ಬಸ್ ಸ್ಟಾಪಿನಲ್ಲಿ ಅನಿಸಿತು. ಬೇಜಾರಾಯಿತು, ಸ್ವಲ್ಪ ಸಿಟ್ಟೂ ಬಂತು.

ಡಾಕ್ಟರಮ್ಮನಿಗೂ ಏನೋ ಸಂಶಯ ಬಂದಿರಬೇಕು. ಒಂದು ದಿನ ತಾನೇ ಕೆಳಗಿಳಿದು ಬಂದಳು.

"ಹೀಗೆ ಪದೇ ಪದೇ ಇಳೀತಿದ್ರೆ ಮೈ ಎಚ್ಚರಿಕೆ ಕೊಡೋದನ್ನೇ ಬಿಟ್ಬಿಡುತ್ತೆ. ಬೆವರೂ ಬರಲ್ಲ, ನಡುಕವೂ ಬರಲ್ಲ. ಸೀದಾ ಪ್ರಜ್ಞೆ ತಪ್ಪುತ್ತೆ. ಹೊಸ ಪಂಪು ಬಂದಿದೆ. ತೋಳಿನ ಬಿಲ್ಲೆ ಹೇಳಿದ ಹಾಗೆ ಇನ್ಸುಲಿನ್ನನ್ನ ತಾನೇ ಹೆಚ್ಚು ಕಮ್ಮಿ ಮಾಡುತ್ತೆ, ಇಳಿಯೋ ಸೂಚನೆ ಕಂಡ್ರೆ ಮೊದಲೇ ನಿಲ್ಲಿಸುತ್ತೆ. ನಮ್ಮ ವಿಭಾಗದಲ್ಲಿ ಕೆಲವರಿಗೆ ಹಾಕಿ ನೋಡ್ತಿದ್ದೀವಿ. ನಿಮ್ಮನ್ನೂ ಸೇರಿಸ್ಕೊಳ್ತೀನಿ."

ಅಷ್ಟಕ್ಕೇ ನಿಲ್ಲಲಿಲ್ಲ ಅವಳು. ಸಂಶೋಧಕರು ಪ್ರಯೋಗಶಾಲೆಯಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನೇ ಬೆಳೆಸಿ ರೋಗಿಗಳ ಮೈಗೆ ಹಾಕಿ ನೋಡುತ್ತಿದ್ದಾರಂತೆ. ಸಕ್ಕರೆ ಕಮ್ಮಿಯಿದ್ದರೆ ತಾನೇ ಸುಮ್ಮನಿರುವ ಇನ್ಸುಲಿನ್ನಿಗೂ ಕೆಲಸ ನಡೆದಿದೆಯಂತೆ. ಹೇಳುತ್ತ ಹೇಳುತ್ತ ಆ ಹುಡುಗಿಯ ಕಣ್ಣುಗಳು ಹೊಳೆಯುತ್ತಿದ್ದವು. ದಾರದಕ್ಕ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಆ ಪಂಪು ಹಾಕಿದ್ರೆ ಫೋನ್ ಕೂಗಲ್ವಾ ಮೇಡಂ?"

"ಕೂಗೋ ಪ್ರಮೇಯವೇ ಹೆಚ್ಚಾಗಿ ಬರಲ್ಲ. ನಿಮ್ಮ ತಮ್ಮ ನೆಮ್ಮದಿಯಾಗಿರ್ಬಹುದು."

"ಆಮೇಲೆ ನೋಡೋಣ," ಅಂದಳು ದಾರದಕ್ಕ. ನಾನು ಮೈ ಪರಚಿಕೊಳ್ಳುವುದೊಂದು ಬಾಕಿ. ಜಗತ್ತಿನ ಬುದ್ಧಿವಂತರೆಲ್ಲ ಸೇರಿ ಇವಳ ಜೀವ ಉಳಿಸುವ ಯಂತ್ರ ಮಾಡಿದರೆ, ಇವಳು ಫೋನ್ ಬರುವುದಿಲ್ಲ ಅಂತ ಬೇಡ ಅನ್ನುತ್ತಾಳೆ.

ಅದಾದ ಸ್ವಲ್ಪ ದಿನಕ್ಕೆ ಆಗಬಾರದ್ದು ಆಯಿತು. ಮಧ್ಯಾಹ್ನ ಎಂದಿನಂತೆ ಸೂಜಿ ಚುಚ್ಚಿಕೊಂಡಳು, ಡಬ್ಬಿ ಮುಚ್ಚಿಯೇ ಇತ್ತು. ಅವಳ ಫೋನು ಕೂಗಿತು. ತಮ್ಮನ ಕರೆ ಬರಲಿಲ್ಲ. ಕೈಯಲ್ಲಿ ಬಿಸ್ಕತ್ತು ಹಿಡಿದು ಕಿಟಕಿಯ ಕಡೆ ನೋಡುತ್ತ ಕೂತಳು. ಕರೆ ಬಂದ ಮೇಲೆ ತಿನ್ನೋಣ ಅಂತ ಇರಬೇಕು. ಬೆವರಲಿಲ್ಲ, ನಡುಗಲಿಲ್ಲ, ಆದ್ದರಿಂದ ನನಗೂ ಗೊತ್ತಾಗಲಿಲ್ಲ. ಬಿಸ್ಕತ್ತು ನೆಲಕ್ಕೆ ಬಿದ್ದಾಗ ತಿರುಗಿ ನೋಡಿದೆ. ಕಣ್ಣು ತೆರೆದಿದೆ, ನೋಟ ಇಲ್ಲ. ಗ್ಲೂಕೋಸ್ ಪುಡಿ ಕಲಸಿ ಅವಳ ಒಸಡಿಗೆ ಉಜ್ಜಿದೆ, ಬಾಗಿಲಿಗೆ ಓಡಿ ಪಕ್ಕದ ಕೋಣೆಯ ಬಟ್ಟೆ ಒಗೆಯುವವರನ್ನು ಕೂಗಿದೆ. ಮೇಲಿಂದ ಓಡಿಬಂದ ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟಳು. ದಾರದಕ್ಕ ಎದ್ದು ಕೂತು ಮೊದಲು ಕೇಳಿದ್ದು, "ಫೋನ್ ಬಂತಾ?"

ಸಂಜೆಯ ಹೊತ್ತಿಗೆ ಬಂತು. ತಮ್ಮನದಲ್ಲ, ಅವನ ಹೆಂಡತಿಯದು.

"ಅಕ್ಕ, ನಿಮ್ಮ ಸಕ್ಕರೆ ಸರಿಯಾಯ್ತಾ?" ಆ ಹುಡುಗಿ ಮೊದಲು ಕೇಳಿದ್ದೇ ಅದನ್ನು. ಆಮೇಲೆ ಹೇಳಿದಳು. ಅವತ್ತು ಪರೀಕ್ಷೆ ಅಂತ ಶಾಲೆ ಬೇಗ ಬಿಟ್ಟಿತ್ತು. ಅವನು ಮಗಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದ. ಜೇಬಿನಲ್ಲಿ ಫೋನು ಕೂಗಿಕೊಂಡಿತು. ಒಂದು ಕೈಯಲ್ಲಿ ಫೋನ್ ತೆಗೆಯಲು ಹೋಗಿ ತಿರುವಿನಲ್ಲಿ ಗಾಡಿ ಜಾರಿತು. ಅವನಿಗೆ ತರಚು ಗಾಯ. ಮಗುವಿನ ಮೊಣಕೈ ಮುರಿದಿದೆ.

"ಆಸ್ಪತ್ರೇಲಿ ಕೂತ್ಕೊಂಡೂ ಅಕ್ಕನಿಗೆ ಫೋನ್ ಮಾಡು, ಅಕ್ಕನಿಗೆ ಫೋನ್ ಮಾಡು ಅಂತಿದ್ರು ಇವರು," ಅಂದಳು.

ದಾರದಕ್ಕ ಅತ್ತಳು. ಇಷ್ಟು ವರ್ಷದಲ್ಲಿ ನಾನು ಕಂಡಿರದ ಅಳು, ಬಾಯಿಗೆ ಹಸಿರು ಬಟ್ಟೆ ಒತ್ತಿಕೊಂಡು. ಅನ್ನುವುದಕ್ಕೆ ನನ್ನ ಹತ್ತಿರ ಬೇಕಾದಷ್ಟು ಇತ್ತು, ಆದರೆ ಅವಳೇ ತನಗೆ ಅಂದುಕೊಳ್ಳುತ್ತಿದ್ದಳು. ಮರುದಿನ ಬೆಳಿಗ್ಗೆ ಮಷೀನಿಗೆ ಕೂರುವ ಮುಂಚೆಯೇ ಮೇಲೆ ಹೋಗಿ, ಪಂಪು ಹಾಕಿ ಅಂತ ಹೇಳಿ ಬಂದಳು.

ಹಾಕಿದರು. ಸೊಂಟದಲ್ಲಿ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡ ಡಬ್ಬಿ, ಅಲ್ಲಿಂದ ಹೊಟ್ಟೆಗೊಂದು ಸಣ್ಣ ಕೊಳವೆ. ಆ ಯಂತ್ರವನ್ನು ಮೆಚ್ಚಲೇಬೇಕು. ಫೋನಿನ ಮೇಲೆ ಗುಡ್ಡಬೆಟ್ಟದ ಹಾಗೆ ಏರಿಳಿಯುತ್ತಿದ್ದ ಗೆರೆ ಮಟ್ಟಸವಾಯಿತು. ಅವಳ ಮುಖಕ್ಕೆ ಬಣ್ಣ ಬಂತು, ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವುದು ತಪ್ಪಿತು. ಡಾಕ್ಟರಮ್ಮ ಖುಷಿಯಿಂದ ಬೇರೆ ಡಾಕ್ಟರುಗಳಿಗೆ ಆ ಗೆರೆ ತೋರಿಸಿದಳು.

ಕಿಟಕಿಯ ಫೋನು ಮಾತ್ರ ಕಲ್ಲಿನ ಹಾಗೆ ಬಿದ್ದಿತ್ತು. ಮಗುವಿನ ಕೈ ವಿಚಾರಿಸಲು ಅವಳು ಕೆಲವು ಸಲ ಫೋನ್ ಮಾಡಿದಳು. ಕಟ್ಟು ಬಿಚ್ಚಿದ ಮೇಲೆ ಆ ನೆಪವೂ ಮುಗಿಯಿತು. ಊಟದ ಹೊತ್ತಿಗೆ ಡಬ್ಬಿ ತೆರೆದು ಪೂರ್ತಿ ಉಣ್ಣುತ್ತಿದ್ದಳು, ಉಂಡು ಗೆರೆ ನೋಡುತ್ತಿದ್ದಳು.

"ಈಗ ಅವನೂ ನೋಡ್ತಿರ್ತಾನೆ. ನೂರಾ ಹತ್ತಿದೆ, ಅಕ್ಕ ಚೆನ್ನಾಗಿದ್ದಾಳೆ ಅಂತ," ಅನ್ನುತ್ತಿದ್ದಳು. ಅಷ್ಟರಿಂದಲೇ ತೃಪ್ತಿ ಪಡಲು ಕಲಿಯುತ್ತಿದ್ದಳು, ಪಾಪ.

ಕಡೆಗೆ ಒಂದು ಮಧ್ಯಾಹ್ನ ನಾನೇ ಅವಳ ಫೋನಿನಲ್ಲಿ ತಮ್ಮನ ನಂಬರು ಒತ್ತಿ ಅವಳ ಮುಂದಿಟ್ಟೆ. ಅವಳು ನನ್ನನ್ನು ಗುರಾಯಿಸುವಷ್ಟರಲ್ಲಿ ಅವನು ಎತ್ತಿಕೊಂಡ.

"ಅಕ್ಕ? ಎಷ್ಟಿದೆ? ಇಳೀತಾ?"

"ಇಲ್ಲ ಕಣೋ. ಸುಮ್ನೆ ಮಾಡ್ದೆ."

"ಸುಮ್ನೆ ಅಂದ್ರೆ?"

"ನಿನಗೆ ಕಾಣ್ತಿಲ್ವಾ ನಂಬರು?" ಅಂದಳು.

"ಅದನ್ನ ಫೋನಿಂದ ತೆಗೆದುಹಾಕ್ದೆ ಅಕ್ಕ. ಬಿದ್ದ ದಿನದಿಂದ ಏನು ಸದ್ದಾದ್ರೂ ಮಗು ಬೆಚ್ಚಿಬೀಳ್ತಿತ್ತು. ಪಂಪು ಬಂದ ಮೇಲೆ ಇನ್ನು ಬೇಕಿಲ್ಲ ಅಂದ್ರು ಡಾಕ್ಟರು. ನಿನಗೆ ಹೇಳೋಕೆ ಮನಸ್ಸು ಬರ್ಲಿಲ್ಲ."

ದಾರದಕ್ಕನ ಮುಖ ನೋಡಲಾರದೆ ನಾನು ಬಟ್ಟೆಯ ಕಡೆ ತಿರುಗಿದೆ. ಇಷ್ಟು ದಿನ ತಮ್ಮ ನೋಡದೇ ಇದ್ದ ಗೆರೆಯನ್ನು ಅವಳು ಅವನಿಗೆ ತೋರಿಸುತ್ತಿದ್ದಳು.

"ಹಾಗಾದ್ರೆ ನಾನು ಹೇಗಿದ್ದೀನಿ ಅಂತ ನಿನಗೆ ಗೊತ್ತೇ ಇಲ್ಲ," ಅಂದಳು.

"ಇಲ್ಲ ಅಕ್ಕ. ನೀನು ಹೇಳಿದ್ರೇ ಗೊತ್ತಾಗ್ಬೇಕು. ಹೇಗಿದ್ದೀಯ?"

ಆಸ್ಪತ್ರೆಯಲ್ಲಿ ಎಲ್ಲರೂ ಕೇಳುವ ಮಾತು ಅದು. ಚೆನ್ನಾಗಿದ್ದೀನಿ ಅನ್ನುತ್ತಾಳೆ, ಊಟ ಆಯ್ತಾ ಅಂತ ಕೇಳುತ್ತಾಳೆ, ಇಡುತ್ತಾಳೆ ಅಂದುಕೊಂಡೆ. ಅವಳು ಮಷೀನಿನ ಚಕ್ರದ ಮೇಲೆ ಕೈಯಿಟ್ಟು ಅದು ತಿರುಗದ ಹಾಗೆ ಹಿಡಿದಿದ್ದಳು.

"ಸಕ್ಕರೆ ಚೆನ್ನಾಗಿದೆ. ನಾನು ಚೆನ್ನಾಗಿಲ್ಲ ಕಣೋ," ಅಂದಳು. "ಒಬ್ಬಳೇ ಇದ್ದೂ ಇದ್ದೂ ಸಾಕಾಗಿದೆ. ನೀನು ಫೋನ್ ಮಾಡ್ಲಿ ಅಂತ ನಾನೇ ಸಕ್ಕರೆ ಇಳಿಸ್ಕೋತಿದ್ದೆ. ಮಗು ಬಿದ್ದದ್ದು ನನ್ನಿಂದ."

ಆ ಕಡೆ ಶಾಲೆಯ ಗಂಟೆ ಬಾರಿಸಿದ್ದು ಕೇಳಿಸಿತು, ಮಕ್ಕಳ ಗದ್ದಲ ದೂರವಾದದ್ದೂ ಕೇಳಿಸಿತು. ಬಿಡುವು ಮುಗಿದಿತ್ತು, ಅವನು ತರಗತಿಗೆ ಹೋಗಬೇಕಿತ್ತು. ಇನ್ನೇನು ಇಟ್ಟುಬಿಡುತ್ತಾನೆ ಅಂತ ನಾನು ಕತ್ತರಿ ಕೆಳಗಿಟ್ಟೆ.

ಯಾರಿಗೋ, "ನನ್ನ ಕ್ಲಾಸು ಸ್ವಲ್ಪ ನೋಡ್ಕೊಳ್ಳಿ ಸರ್," ಅಂದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.