ಸದ್ದಿಲ್ಲದ ರೊಟ್ಟಿ ಹಲಗೆ

ಚಂದ್ರವ್ವ ಗದಗಿನ ಕಡೆಯಿಂದ ಯಶವಂತಪುರಕ್ಕೆ ಬಂದದ್ದು ಎಪ್ಪತ್ತೆಂಟರಲ್ಲಿ. ಗಂಡ ಚನ್ನಪ್ಪನಿಗೆ ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ. ಬಸ್ಸಿನ ಮೇಲೆ ಜಾಗ ಸಾಲದೆ ಅವಳ ಕಟ್ಟಿಗೆಯ ರೊಟ್ಟಿ ಹಲಗೆ ಊರಲ್ಲೇ ಉಳಿದಿತ್ತು. ಮದುವೆಗೆ ಬಂದ ಅಗಲ ತಟ್ಟೆ, ಸ್ಟೀಲ್ ಪರಾತ ಮಾತ್ರ ಜೊತೆಗೆ ಬಂದಿತ್ತು. ದಿನವೂ ಕತ್ತಲು ತಿಳಿಯಾಗುವ ಹೊತ್ತಿಗೆ ಅವಳು ಅದರ ಮೇಲೆ ಜೋಳದ ಹಿಟ್ಟಿನ ಉಂಡೆ ಇಟ್ಟು ಬಡಿಯತೊಡಗುವಳು. ಹಿಟ್ಟು ಅಂಗೈ ಕೆಳಗೆ ಹುಣ್ಣಿಮೆ ಚಂದ್ರನ ಹಾಗೆ ಅಗಲವಾಗುತ್ತಿತ್ತು. ಸದ್ದು ಮಾತ್ರ ವಠಾರದ ಆರು ಮನೆಗೂ ಹಂಚಿಹೋಗುತ್ತಿತ್ತು.

ಗೋಡೆಯಾಚೆ ಮನೆಯೊಡತಿ ಮುನಿಕೃಷ್ಣಮ್ಮ; ಹಿತ್ತಲಲ್ಲಿ ಅವರ ಹಸುವಿನ ಕೊಟ್ಟಿಗೆ. ಅವರ ಗಂಡ ನರಸಯ್ಯ ರಾತ್ರಿ ಪಾಳಿ ಮುಗಿಸಿ ಬಂದು ತಲೆದಿಂಬಿಗೆ ತಲೆ ಇಡುವುದಕ್ಕೂ ಚಂದ್ರವ್ವ ಮೊದಲ ಏಟು ಹಾಕುವುದಕ್ಕೂ ಸರಿಹೋಗುತ್ತಿತ್ತು.

"ಏನವ್ವಾ, ಅದು ರೊಟ್ಟಿನೋ ಕುದುರೆ ಓಟಾನೋ?" ಎಂದು ಮುನಿಕೃಷ್ಣಮ್ಮ ಒಂದು ದಿನ ಬಾಗಿಲಲ್ಲೇ ನಿಂತು ಕೇಳಿದರು. "ನಮ್ಮೆಜಮಾನ್ರು ನಿದ್ದೆ ಕಂಡು ತಿಂಗಳಾಯ್ತು. ನಮ್ಮಂಗೆ ಮುದ್ದೆ ಮಾಡು, ಸದ್ದೇ ಇರಾಕಿಲ್ಲ."

"ಮುದ್ದಿ ಉಂಡ್ರ ನಮ್ಮನಿಯವ್ರು ಅಗೀತಾರ್ರೀ ಅಕ್ಕಾರ. ಒಂದು ತುತ್ತಿಗೆ ಅರ್ಧ ತಾಸು ಹಿಡೀತೈತಿ. ಫ್ಯಾಕ್ಟ್ರಿ ಬಸ್ ತಪ್ಪತೈತ್ರಿ."

"ಅದೆಲ್ಲಾ ನಂಗೊತ್ತಿಲ್ಲ. ಅಮಾಸೆ ಒಳಗೆ ಸದ್ದು ನಿಲ್ಬೇಕು. ಇಲ್ಲಾಂದ್ರೆ ಬೇರೆ ಮನೆ ನೋಡ್ಕೊ."

ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ರೊಟ್ಟಿ ಬಿಟ್ಟು ಬದುಕುವುದು ಚಂದ್ರವ್ವನಿಗೆ ಗೊತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬರುವ, ಬಸ್ ಸ್ಟಾಪಿಗೆ ಹತ್ತಿರದ ಇಂಥ ಮನೆ ಬಿಟ್ಟು ಹೋಗುವುದೂ ಬೇಕಿರಲಿಲ್ಲ. ಸಂಜೆ ಗಂಡನನ್ನು ಹೊರಡಿಸಿಕೊಂಡು ಬಜಾರಿನ ನಜೀರ್ ಸಾಹೇಬರ ಪಾತ್ರೆ ಅಂಗಡಿಗೆ ಹೋದಳು.

ನಜೀರ್ ಒಂದು ಪರಾತವನ್ನು ಬೆರಳ ಗಿಣ್ಣಿನಿಂದ ಬಾರಿಸಿದರು. "ಕೇಳಿ ಅಕ್ಕಾ, ಗಣ್ ಅಂತು ನೋಡಿ! ಗಟ್ಟಿ ಮಾಲು."

"ಗಣ್ ಅನ್ನೂದು ಬ್ಯಾಡ್ರಿ. ಮೂಕ ಇದ್ರ ತೋರಸ್ರಿ."

ನಜೀರ್ ಚನ್ನಪ್ಪನ ಮುಖ ನೋಡಿದರು. ಚನ್ನಪ್ಪ ಸೂರಿಗೆ ತೂಗುಬಿಟ್ಟ ಬಕೆಟ್ಟುಗಳನ್ನು ನೋಡಿದ.

ಚಂದ್ರವ್ವ ಸೆರಗು ಸಿಕ್ಕಿಸಿ ಅಂಗಡಿಯ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಕುಳಿತಳು. ಒಂದೊಂದನ್ನೇ ಮುಂದಿಟ್ಟುಕೊಂಡು ಇಲ್ಲದ ಹಿಟ್ಟನ್ನು ಬಡಿದಳು. ಅಲ್ಯೂಮಿನಿಯಂ ಪರಾತ ಖಾಲಿ ಲಾರಿಯಂತೆ ಗಡಗಡಿಸಿತು. ಹಿತ್ತಾಳೆಯದನ್ನು ಬಡಿದಾಗ ರಸ್ತೆಯಾಚೆ ಒಬ್ಬ ಮುದುಕ ಚಪ್ಪಲಿ ಬಿಟ್ಟು ಕೈ ಮುಗಿದ. ಮರದ ಹಲಗೆ ಬಡಿದಾಗ ನಜೀರ್ ಅವರೇ "ಯಾರು?" ಎಂದು ಹಿಂಬಾಗಿಲ ಕಡೆ ತಿರುಗಿದರು. ನೋಡನೋಡುತ್ತ ಜನ ಸೇರಿದರು. ಅವಳು ಇಲ್ಲದ ರೊಟ್ಟಿಯನ್ನು ಇಲ್ಲದ ಹೆಂಚಿಗೆ ಹಾಕಿ ನೀರು ಸವರುವುದನ್ನು ಕಂಡು ಒಬ್ಬ, "ಗುರು, ಹೊಟ್ಟೆ ಹಸೀತೈತೆ ಕಣೋ" ಎಂದು ಗೆಳೆಯನನ್ನು ಎಳೆದುಕೊಂಡು ಹೋಟೆಲಿಗೆ ಹೋದ.

ಕೊನೆಗೆ ನಜೀರ್ ಮೂಲೆಯಿಂದ ಒಂದು ಕಡಪ ಕಲ್ಲಿನ ಚಪ್ಪಡಿ ಎಳೆದು ತಂದರು. ಅದು ತುಟಿ ಬಿಚ್ಚಲಿಲ್ಲ. ಆದರೂ ಎಲ್ಲೋ ಗಲಗಲ ಎನ್ನುತ್ತಿತ್ತು.

"ಅಕ್ಕಾ, ಇದು ನನ್ನ ಮಾಲಿನ ಸದ್ದಲ್ಲ," ಎಂದರು ನಜೀರ್. "ನಿಮ್ಮ ಬಳೆ!"

ಕೈತುಂಬ ಹಸಿರು ಗಾಜಿನ ಬಳೆ. ತೆಗೆಯುವ ಮಾತೇ ಇಲ್ಲ. ಅದಕ್ಕೂ ಉಪಾಯ ಮಾಡಿದರಾಯಿತೆಂದು ಚಂದ್ರವ್ವ ಕಲ್ಲನ್ನೇ ಆರಿಸಿದಳು. ಚನ್ನಪ್ಪ ಅದನ್ನು ಸೈಕಲ್ಲಿಗೆ ಕಟ್ಟಿ ತಳ್ಳಿಕೊಂಡು ಬಂದ. ದಾರಿಯಲ್ಲಿ ಇಬ್ಬರು, ಮನೆ ಕಟ್ಟಿಸುತ್ತಿದ್ದೀರಾ ಎಂದು ಕೇಳಿದರು.

ಮರುದಿನ ಬೆಳಗಿನ ಜಾವ ಚಂದ್ರವ್ವ ಕಲ್ಲಿನ ಕೆಳಗೆ ಗೋಣಿಚೀಲ ಹಾಸಿದಳು. ಬಳೆಗಳನ್ನು ಮೊಣಕೈವರೆಗೆ ಏರಿಸಿ, ಗಂಡನ ಹಳೆಯ ಬನಿಯನ್ ಹರಿದು ಬಿಗಿಯಾಗಿ ಸುತ್ತಿ, ಮೇಲೆ ಸೆರಗು ಹೊದ್ದಳು. ಈರುಳ್ಳಿ ಹೆಚ್ಚಿ ಬಡಿಯಲು ಕುಳಿತಳು. ರೊಟ್ಟಿ ಮೋಡ ಬಿಚ್ಚಿದಂತೆ ಸದ್ದಿಲ್ಲದೆ ಬಿಚ್ಚಿಕೊಂಡಿತು.

ಗೋಡೆಯಾಚೆ ನರಸಯ್ಯ ಗೊರಕೆ ಹೊಡೆಯುತ್ತಿದ್ದರು. ಮುನಿಕೃಷ್ಣಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಬದುಕಿದ ಮನೆಯಲ್ಲಿ ಇಷ್ಟು ಹೊತ್ತಾದರೂ ಸದ್ದಿಲ್ಲವೆಂದರೇನು? ಹೋಗಿ ಕಿಟಕಿಯಲ್ಲಿ ಇಣುಕಿದರು. ಮಬ್ಬುಗತ್ತಲಲ್ಲಿ ಚಂದ್ರವ್ವ ಒಬ್ಬಳೇ ಒಂದು ಕಪ್ಪು ಕಲ್ಲಿನ ಮುಂದೆ ಕುಳಿತಿದ್ದಾಳೆ. ಕಣ್ಣಲ್ಲಿ ನೀರು. ಕೈ ಬೋಳು.

"ಅಯ್ಯೋ ನನ್ನವ್ವಾ! ಕೈ ಬೋಳಾಗೋಯ್ತಲ್ಲವ್ವಾ! ಚಿನ್ನದಂಥಾ ಗಂಡ ಒಂಟೋದ್ನಲ್ಲವ್ವಾ!"

ಚನ್ನಪ್ಪ ಆಗಷ್ಟೇ ಚೊಂಬು ಹಿಡಿದು ಹೊರಗೆ ಹೋಗಿದ್ದ. ದಾರಿಯಲ್ಲಿ ಏನಾಯಿತೋ ಎಂದು ಚಂದ್ರವ್ವನ ಎದೆ ಒಡೆಯಿತು. ಅವಳೂ ಬಾಗಿಲಿಗೆ ಓಡಿಬಂದು ಗೊಳೋ ಎಂದಳು. ಇಬ್ಬರೂ ತಬ್ಬಿಕೊಂಡು ಅತ್ತರು. ಆರು ಮನೆಯ ಬಾಗಿಲೂ ತೆರೆದವು. ನರಸಯ್ಯ ಕಂಬಳಿ ಸಮೇತ ಓಡಿಬಂದರು.

ಚೊಂಬು ಹಿಡಿದು ಮರಳಿದ ಚನ್ನಪ್ಪ ಗುಂಪಿನ ಹಿಂದೆ ನಿಂತು ಮೆಲ್ಲಗೆ ಕೇಳಿದ: "ಯಾರು ಹೋದ್ರರೀ?"

"ನೀನೇ ಕಣಯ್ಯಾ," ಎಂದರು ನರಸಯ್ಯ ಕಣ್ಣೊರೆಸಿಕೊಳ್ಳುತ್ತ.

"ನಾನಾ? ಯಾವಾಗ್ರೀ?"

ಆಮೇಲೆಯೇ ನರಸಯ್ಯ ತಿರುಗಿ ನೋಡಿದ್ದು. ಅವರ ಕಂಬಳಿ ಅಲ್ಲೇ ಬಿತ್ತು.

ವಿಷಯ ತಿಳಿದ ಮೇಲೆ ಮುನಿಕೃಷ್ಣಮ್ಮನಿಗೆ ಬಂದ ಕೋಪಕ್ಕೆ ಲೆಕ್ಕವಿಲ್ಲ. ತಾವೇ ಕುಳಿತು ಬನಿಯನ್ ಪಟ್ಟಿ ಬಿಚ್ಚಿ, ಬಳೆಗಳನ್ನು ಒಂದೊಂದಾಗಿ ಮಣಿಕಟ್ಟಿಗೆ ಇಳಿಸಿದರು. "ಇನ್ನೊಂದ್ ಸಲ ಇಂಗೆ ಬೋಳು ಕೈಯಾಗೆ ಕೂತ್ಕಂಡ್ರೆ ನೋಡು! ಬಡಿ. ನಂಗೆ ಕೇಳೋ ಅಂಗೆ ಬಡಿ."

"ಅಕ್ಕಾರ, ಅಮಾಸಿಗೆ ಮನಿ?"

"ಯಾವ ಮನೆ? ಬಾಯ್ಮುಚ್ಕಂಡು ಬಡಿ ಅಂದ್ರೆ!"

"ಹಂಗಾರೆ ನಾನೆಲ್ಲಿ ಮಲಗ್ಲಿ?" ಎಂದರು ನರಸಯ್ಯ.

"ದನದ ಕೊಟ್ಟಿಗೇಲಿ ಮಲಗ್ರೀ. ಅಸ ಏನ್ ರೊಟ್ಟಿ ಬಡೀತದಾ?"

ಬಿದ್ದ ಕಂಬಳಿ ಹೊದ್ದು, ಚಾಪೆ ಸುತ್ತಿಕೊಂಡು ಹೊರಟ ನರಸಯ್ಯನ ಕೈಗೆ ಚಂದ್ರವ್ವ ಬಿಸಿ ರೊಟ್ಟಿಯೊಂದನ್ನು ಮಡಿಸಿಕೊಟ್ಟಳು. ಅವರು ಅದನ್ನು ಹಸುವಿನ ಕಣ್ಣಿಗೆ ಬೀಳದಂತೆ ಕಂಬಳಿಯೊಳಗೆ ಮುಚ್ಚಿಕೊಂಡು ಕೊಟ್ಟಿಗೆಯತ್ತ ನಡೆದರು.