ಅರ್ಧ ತಾಸಿಗೆಂದು ಒಯ್ದ ಕಂಪ್ಯೂಟರ್

ಪರಸಪ್ಪನ ಬಗ್ಗೆ ಬರೆಯಲು ಕೂತರೆ ಮೊದಲು ಸಿಟ್ಟು ಬರುತ್ತದೆ. ಸಿಟ್ಟು ಇಳಿಯಲಿ, ಆಮೇಲೆ ಬರೆದರಾಯಿತು ಎಂದು ಕಾದು ಕಾದು ಐದು ವರ್ಷವಾಯಿತು. ಇಳಿಯಲಿಲ್ಲ. ಇನ್ನು ಸಿಟ್ಟಿನಲ್ಲೇ ಬರೆಯುತ್ತೇನೆ.

ನಾವಿಬ್ಬರೂ ದಾಂಡೇಲಿಯ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಎದುರುಬದುರು ಮನೆಗಳಲ್ಲಿ ಬೆಳೆದವರು. ಅವನ ಅಪ್ಪ ನವಲಗುಂದದ ಕಡೆಯವನು, ನನ್ನಪ್ಪ ಸವದತ್ತಿಯ ಕಡೆಯವನು. ಇಬ್ಬರೂ ಕಾಗದದ ಮಿಲ್ಲಿಗೆ ಕೆಲಸಕ್ಕೆ ಬಂದು ಇಲ್ಲೇ ಉಳಿದರು. ಶಾಲೆಯಲ್ಲಿ ನಮ್ಮದು ಒಂದೇ ಬೆಂಚು. ಲೆಕ್ಕ ತಪ್ಪಿದರೆ ಮಾಸ್ತರರು ರೂಲುದೊಣ್ಣೆ ತೆಗೆಯುತ್ತಿದ್ದರು. ನಾನು ಸುಮ್ಮನೆ ಕೈ ಚಾಚುತ್ತಿದ್ದೆ. ಪರಸ್ಯಾ ಮಾತ್ರ, "ಪುಸ್ತಕದಾಗ ತಪ್ಪು ಛಾಪಿಸ್ಯಾರ್ರಿ ಸರ್" ಎಂದು ವಾದಿಸಿ, ನನಗಿಂತ ಎರಡು ಏಟು ಹೆಚ್ಚು ತಿಂದು, ಕೂತ ಮೇಲೂ ಕೈ ಉಜ್ಜಿಕೊಳ್ಳುತ್ತಾ "ಪುಸ್ತಕದ್ದ ತಪ್ಪಲೇ" ಎನ್ನುತ್ತಿದ್ದ. ಮನುಷ್ಯನನ್ನು ಅರಿಯಲು ಇಷ್ಟು ಸಾಕಿತ್ತು. ನಾನು ಅರಿಯಲಿಲ್ಲ.

ಮುಂದೆ ಅವನು ಹಳಿಯಾಳ ರಸ್ತೆಯಲ್ಲಿ ತಗಡಿನ ಗ್ಯಾರೇಜು ಹಾಕಿದ. ಕೈ ಒಳ್ಳೆಯದು, ಅದನ್ನು ಅಲ್ಲಗಳೆಯುವುದಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಆದರೆ ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಅವನ ಹೆಂಡತಿ ಕೂಡ ಕೇಳಿರಲಿಲ್ಲ. ಒಮ್ಮೆ ಜೋಯಿಡಾ ರಸ್ತೆಯಲ್ಲಿ ನನ್ನ ವ್ಯಾನಿನ ಹಿಂದಿನ ಗಾಲಿಯೊಂದು ಕಳಚಿ, ನಮ್ಮನ್ನೇ ಹಿಂದೆ ಹಾಕಿ ಮುಂದೆ ಓಡಿಹೋಯಿತು. ಹಿಂದಿನ ದಿನವಷ್ಟೇ ಅವನು ಆ ಗಾಲಿ ಬಿಚ್ಚಿ ಹಾಕಿದ್ದ. ನಟ್ಟು ಬಿಗಿದಿರಲಿಲ್ಲ. ಹೋಗಿ ಕೂಗಾಡಿದೆ. ಅವನು ತಣ್ಣಗೆ, "ಆ ರಸ್ತಾ ನೋಡಿಯೇನ ಹೆಂಗೈತಿ? ಗಾಲಿ ಉಳೀತಾವೇನ ಅಂಥಾ ರಸ್ತಾದಾಗ?" ಎಂದ.

ಇಂಥವನು ೨೦೦೨ರಲ್ಲಿ ಹುಬ್ಬಳ್ಳಿಗೆ ಹೋಗಿ ಮೂರು ದಿನದ ತರಬೇತಿ ಮುಗಿಸಿ ಬಂದ. ಆಗ ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ಇರುವ ಗಾಡಿಗಳು ಬರತೊಡಗಿದ್ದವು. ಡ್ಯಾಶ್‌ಬೋರ್ಡಿನ ಕೆಳಗೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ಎಂಜಿನ್ನಿಗೆ ಎಷ್ಟು ಪೆಟ್ರೋಲು ಬಿಡಬೇಕೆಂದು ತೀರ್ಮಾನಿಸುವುದು ಅದೇ. ಪರಸಪ್ಪ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಲಕ್ಷ್ಮೀ ಫೋಟೋದ ಪಕ್ಕ ತೂಗುಹಾಕಿದ. ಅಂದಿನಿಂದ ಯಾವ ಗಾಡಿ ಕೆಮ್ಮಿದರೂ ಕಂಪ್ಯೂಟರೇ ಕೆಟ್ಟಿದೆ ಎನ್ನತೊಡಗಿದ. ಕಂಪ್ಯೂಟರನ್ನು ಪರೀಕ್ಷಿಸುವ ಯಂತ್ರ ಅವನ ಬಳಿ ಇರಲಿಲ್ಲ. ಅವನ ಬಳಿ ಇದ್ದದ್ದು ನಾನು.

೨೦೦೪ರ ಮೇ ಕೊನೆಯ ವಾರ, ಮಂಗಳವಾರ. ಗ್ಯಾರೇಜಿನ ಮುಂದೆ ನನ್ನ ವ್ಯಾನಿನಂಥದೇ ಇನ್ನೊಂದು ವ್ಯಾನು ನಿಂತಿತ್ತು. ಅದೇ ಬಿಳಿ ಬಣ್ಣ, ಅದೇ ವರ್ಷ, ಅದೇ ಮಾದರಿ. ಡಾಕಪ್ಪನದು. ಸಾಂಬ್ರಾಣಿಯ ಆಚೆಯ ತಾಂಡಾದವನು. ಮೊದಲು ಗೋವೆಗೆ ಹೋಗಿ ಕಲ್ಲು ಹೊರುತ್ತಿದ್ದ. ವರ್ಷಕ್ಕೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಹೆಂಡತಿ ಕೇಸರಿಬಾಯಿ ಹಟ ಹಿಡಿದು, ತನ್ನ ಬೆಳ್ಳಿ ಮಾರಿ ವ್ಯಾನು ಕೊಡಿಸಿದಳು. ತಾಂಡಾದ ಮಕ್ಕಳನ್ನು ಹಳಿಯಾಳದ ಶಾಲೆಗೆ ಮುಟ್ಟಿಸುವ ಕೆಲಸ ಅವನದಾಯಿತು. ಈಗ ಫಿಟ್‌ನೆಸ್ ಕಾಗದ ಮುಗಿದಿತ್ತು. ಆರ್‌ಟಿಓ ಸಾಹೇಬರು ತಿಂಗಳಿಗೊಮ್ಮೆ ಹಳಿಯಾಳಕ್ಕೆ ಕ್ಯಾಂಪ್ ಬರುವುದು ಶನಿವಾರ. ಅಷ್ಟರೊಳಗೆ ಹೊಗೆ ತಪಾಸಣೆಯ ಚೀಟಿ ಬೇಕು. ಜೂನ್ ಒಂದಕ್ಕೆ ಶಾಲೆ ಶುರು. ಕಾಗದ ಸರಿ ಇಲ್ಲದಿದ್ದರೆ ಮಕ್ಕಳನ್ನು ಬೇರೆ ವ್ಯಾನಿಗೆ ಕೊಡುತ್ತೇವೆ ಎಂದು ಹೆಡ್‌ಮೇಡಂ ಹೇಳಿಬಿಟ್ಟಿದ್ದರು. ಹಾಗಾದರೆ ಡಾಕಪ್ಪನಿಗೆ ಮತ್ತೆ ಗೋವೆಯೇ ಗತಿ.

ಹೊಗೆ ನೋಡುವ ಹರೀಶ ಹಳಿಯಾಳ ಬಸ್‌ಸ್ಟ್ಯಾಂಡಿನ ಪಕ್ಕದವನು. ಗಾಡಿಯನ್ನು ನೋಡದೆಯೇ ಚೀಟಿ ಬರೆಯುವವರು ಬೇರೆ ಊರುಗಳಲ್ಲಿ ಇದ್ದರಂತೆ. ನಮ್ಮ ಹಣೆಬರಹಕ್ಕೆ ಹರೀಶ ಸಿಕ್ಕಿದ್ದ. ನಳಿಗೆ ತೂರಿಸಿ, ಮೀಟರು ನೋಡಿ, ಎರಡನೇ ಸಲ ನೋಡಿ, ಆಮೇಲೆಯೇ ಬಾಯಿ ಬಿಡುವವನು. ಅಂಕಿ ಮೂರರೊಳಗೆ ಇರಬೇಕು. ಡಾಕಪ್ಪನ ಗಾಡಿಯದು ಆರು ತೋರಿಸಿತ್ತು. ಹಿಂದೆ ಕಪ್ಪು ಹೊಗೆ ಬೇರೆ.

"ಕಂಪ್ಯೂಟರ್ ಹೋಗೇತಿ," ಎಂದ ಪರಸಪ್ಪ, ಎಂಜಿನ್ನಿನ ಕಡೆ ಕಣ್ಣು ಕೂಡ ಹಾಕದೆ. ನನ್ನ ಕಡೆ ತಿರುಗಿ, "ಲೇ ಮಾಬಳೇಶಾ, ಅರ್ಧ ತಾಸು ನಿನ್ನ ಕಂಪ್ಯೂಟರ್ ಕೊಡು. ಇವನ ಗಾಡಿಗೆ ಹಾಕಿ ನೋಡ್ತೇನಿ. ಇವಂದು ನಿನ್ನ ಗಾಡ್ಯಾಗ ಇರಲಿ."

"ಅರ್ಧ ತಾಸ ಅಂದ್ರ ನಿಂದು ಎಷ್ಟಾಕ್ಕೈತಿ?"

"ಅರ್ಧ ತಾಸ ಅಂದ್ರ ಅರ್ಧ ತಾಸ. ಸರ್ಟಿಫಿಕೇಟ್ ಸುಳ್ಳ ಕೊಟ್ಟಾರೇನ ನನಗ?"

ನಾನು ಬೇಡ ಎನ್ನುವವನಿದ್ದೆ. ಆದರೆ ಡಾಕಪ್ಪ ಅಲ್ಲೇ ಕೈ ಕಟ್ಟಿ ನಿಂತು, "ಅಣ್ಣಾರ, ಶನಿವಾರ ಅಷ್ಟ ಐತ್ರಿ" ಎಂದ. ಕೊಟ್ಟೆ.

ಬುಧವಾರ ಹಳಿಯಾಳದಿಂದ ಸುದ್ದಿ ಬಂತು. ನನ್ನ ಕಂಪ್ಯೂಟರ್ ಹಾಕಿದರೂ ಆರೇ. ಇನ್ನು ಕಂಪ್ಯೂಟರ್ ಕೆಟ್ಟಿಲ್ಲ, ಬೇರೆ ಏನೋ ಇದೆ ಎಂದು ಮೂರನೇ ಇಯತ್ತೆಯ ಮಗುವಿಗೂ ತಿಳಿಯಬೇಕಲ್ಲ? ಪರಸಪ್ಪ ಗಡ್ಡ ಕೆರೆದುಕೊಂಡು ನನ್ನನ್ನೇ ದಿಟ್ಟಿಸಿ, "ಹಂಗಾದ್ರ ನಿಂದೂ ಕೆಟ್ಟೈತಿ" ಎಂದ.

ನನ್ನ ತಲೆ ಕೆಟ್ಟುಹೋಯಿತು. "ನಂದು ಸೋಮವಾರದ ತನಕ ಬಂಗಾರದಂಗ ಓಡೇತಿ!"

"ಓಡೂದು ಬ್ಯಾರೆ, ಹೊಗಿ ಬ್ಯಾರೆ."

ಆ ಸಿಟ್ಟಿಗೆ ನಾನೇ ಹಳಿಯಾಳಕ್ಕೆ ಹೋದೆ. ನನ್ನ ವ್ಯಾನಿನಲ್ಲಿ ಈಗ ಡಾಕಪ್ಪನ ಕಂಪ್ಯೂಟರ್. ಹರೀಶ ನಳಿಗೆ ತೂರಿಸಿದ. ಒಂದಕ್ಕಿಂತ ಕಡಿಮೆ ಬಂತು. ಎರಡನೇ ಸಲವೂ ಅಷ್ಟೇ. ಚೀಟಿ ಹಿಡಿದು ದಾಂಡೇಲಿಗೆ ಮರಳಿ ಪರಸಪ್ಪನ ಮೂಗಿಗೆ ಹಿಡಿದೆ. ಕೆಟ್ಟಿದೆ ಎಂದ ಕಂಪ್ಯೂಟರ್ ನನ್ನ ಗಾಡಿಯಲ್ಲಿ ಸರಿ ಇದೆ, ಇದಕ್ಕೇನು ಹೇಳುತ್ತೀ ಎಂದು ಕೇಳಿದೆ. ಅವನು ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿ, "ನಿನ್ನ ಗಾಡಿಗೆ ಅದು ಒಗ್ಗೇತಿ. ಅವನ ಗಾಡಿಗೆ ಎರಡೂ ಒಗ್ಗವಲ್ವು. ಮೂರನೇದೊಂದು ಹುಡಕೂಣು" ಎಂದ. ಹಲ್ಲು ಕಡಿದುಕೊಂಡೆ. ಇಂಥವನಿಗೆ ಯಾವ ಮಾತು ಹೇಳಿ ತಿಳಿಸುವುದು?

ಗುರುವಾರ ಮೂರನೆಯದೊಂದು ಎಲ್ಲೂ ಸಿಗಲಿಲ್ಲ. ಆಗ ಅವನ ತಲೆಗೆ ಇನ್ನೊಂದು ಉಪಾಯ ಹೊಳೆಯಿತು. ಕಂಪ್ಯೂಟರಿನ ಹಾಗೆ ನಂಬರ್ ಪ್ಲೇಟನ್ನೂ ಅದಲುಬದಲು ಮಾಡಿ, ನನ್ನ ವ್ಯಾನನ್ನು ಡಾಕಪ್ಪನದೆಂದು ಹರೀಶನ ಮುಂದೆ ನಿಲ್ಲಿಸುವುದು. ನಾನು ಬಾಯಿ ತೆರೆಯುವ ಮೊದಲೇ ಡಾಕಪ್ಪ ಹೇಳಿದ: "ಬ್ಯಾಡ್ರಿ. ಮಕ್ಕಳ್ನ ಒಯ್ಯೂ ಗಾಡಿ ಐತ್ರಿ ಅದು." ಅಷ್ಟು ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಗೋವೆಯಲ್ಲಿ ಕೂಲಿ ಕೊಡಿಸುವ ಮುಕಾದಮನ ಫೋನ್ ನಂಬರ್ ಬರೆದ ಚೀಟಿಯನ್ನು ಕಿಸೆಯಿಂದ ತೆಗೆದು ನೋಡುತ್ತಿದ್ದ.

ಶುಕ್ರವಾರ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಡಾಕಪ್ಪ ಚಹಾಕ್ಕೆ ಹೋಗಿದ್ದ. "ನೀ ಮುಟ್ಟಬ್ಯಾಡ, ನಿನಗ ತಿಳಿಯೂದಿಲ್ಲ" ಎಂದು ಪರಸಪ್ಪ ಅರಚುತ್ತಿದ್ದಂತೆಯೇ ಡಾಕಪ್ಪನ ವ್ಯಾನಿನ ಮುಂದಿನ ಸೀಟನ್ನು ಎತ್ತಿ ಮಡಚಿದೆ. ಆ ವ್ಯಾನುಗಳ ಎಂಜಿನ್ನು ಇರುವುದು ಸೀಟಿನ ಕೆಳಗೆ. ನಾಲ್ಕು ದಿನದಿಂದ ಡ್ಯಾಶ್‌ಬೋರ್ಡಿನ ಕೆಳಗೇ ತಲೆ ತೂರಿಸಿದ ಈ ಸರ್ಟಿಫಿಕೇಟಿನ ಗಂಡಸು ಸೀಟನ್ನು ಒಮ್ಮೆಯೂ ಎತ್ತಿರಲಿಲ್ಲ.

ಒಳಗೆ ನೋಡಿದರೆ ದೇವರ ಮನೆ. ಕುಂಕುಮ, ಅರಿಶಿನ, ಒಣಗಿದ ಸೇವಂತಿಗೆಯ ಎಸಳು, ನಾಲ್ಕು ಅಕ್ಕಿಕಾಳು, ಕೊಬ್ಬರಿಯ ಚೂರು. ಹೊಗೆ ನಳಿಗೆಯ ಮೇಲೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಹೊಗೆ ಹೇಗಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು ಅದು. ಅದರ ವೈರು ಕೂಡುವ ಜಾಗದಲ್ಲಿ ಕುಂಕುಮ ಮೆತ್ತಿ, ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು. ಸುದ್ದಿಯೇ ಮುಟ್ಟದಿದ್ದರೆ ಯಾವ ಕಂಪ್ಯೂಟರ್ ತಾನೆ ಏನು ಮಾಡೀತು? ಪೆಟ್ರೋಲು ಸುರಿಯುತ್ತಲೇ ಇತ್ತು.

ಇಬ್ಬರಿಗೂ ಒಟ್ಟಿಗೇ ತಿಳಿಯಿತು. ನಮ್ಮ ಕಡೆ ಗಾಡಿ ಇದ್ದವರೆಲ್ಲ ಅಮಾವಾಸ್ಯೆಗೆ ಅದಕ್ಕೆ ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಮುಂದಿನ ಗಾಲಿಯ ಎದುರು ಕಾಯಿ ಒಡೆದು ನಿಂಬೆಹಣ್ಣು ಕಟ್ಟುತ್ತೇವೆ. ಕೇಸರಿಬಾಯಿ ಅಷ್ಟಕ್ಕೆ ಬಿಡುವವಳಲ್ಲ. ಅವಳ ತಮ್ಮ ಬಾಲು ಎರಡು ವರ್ಷದ ಹಿಂದೆ ಜೀಪು ಉರುಳಿ ತೀರಿಕೊಂಡಿದ್ದ. ಅಂದಿನಿಂದ ಗಂಡ ಗಾಡಿ ಹೊರಡಿಸಿದರೆ ತಿರುಗಿ ಬರುವ ತನಕ ಅವಳು ತುತ್ತು ಎತ್ತುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ಸೀಟು ಎತ್ತಿಸಿ, ಎಂಜಿನ್ನಿಗೇ ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದು ಅದರ ನೀರನ್ನು ಅದರ ಮೇಲೆಯೇ ಎರೆಯುತ್ತಿದ್ದಳು. ಅಂದರೆ ಗಂಡನನ್ನು ಕಾಪಾಡಲೆಂದು ಅವಳು ಎರೆದ ನೀರೇ ಅವನನ್ನು ಗೋವೆಗೆ ಅಟ್ಟಲು ನಿಂತಿತ್ತು.

ಪರಸಪ್ಪ ಒಳಗೆ ಬಗ್ಗಿದ. ಪೆಟ್ರೋಲಿನಲ್ಲಿ ಬ್ರಷ್ ಅದ್ದಿ ಕಿಲುಬು ತಿಕ್ಕಿ ತೆಗೆದ, ಪಾಲೀಶ್ ಕಾಗದ ಆಡಿಸಿದ, ವೈರು ಕೂಡಿಸಿದ. ಕುಂಕುಮವನ್ನೂ ಅಕ್ಕಿಕಾಳನ್ನೂ ಹಳೆಯ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆಯದೆ ಮಡಚಿ ಕಿಸೆಗೆ ಹಾಕಿಕೊಂಡ. ಡಾಕಪ್ಪ ಬಂದಾಗ ಸೀಟು ಮುಚ್ಚಿತ್ತು.

ಮೂವರೂ ಹಳಿಯಾಳಕ್ಕೆ ಹೋದೆವು. ಕೇಸರಿಬಾಯಿ ರೊಟ್ಟಿಗಂಟು ಹಿಡಿದು ಬಸ್‌ಸ್ಟ್ಯಾಂಡಿನಲ್ಲೇ ಕಾದಿದ್ದಳು. ಹರೀಶ ನಳಿಗೆ ತೂರಿಸಿದ. ಅವನ ಮುಖ ನೋಡುತ್ತಾ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಒಂದರ ಸಮೀಪ ಬಂತು. ಎರಡನೇ ಸಲವೂ ಅಷ್ಟೇ. ಹರೀಶ ಚೀಟಿ ಬರೆಯತೊಡಗಿದ. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು.

"ಏನಾಗಿತ್ರಿ ಮತ್ತ?" ಹರೀಶ ಕೇಳಿದ.

ಡಾಕಪ್ಪನೂ ನಮ್ಮ ಕಡೆ ತಿರುಗಿದ. "ಹೌದ್ರಿ, ಯಾರ ತಪ್ಪಿತ್ತರಿ? ನಾಕ ದಿನ ಜೀವಾ ತಿಂತು ನೋಡ್ರಿ."

ನಾಲ್ಕು ದಿನದ ಸಿಟ್ಟೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಂಪ್ಯೂಟರಿನದಲ್ಲ, ಸೀಟು ಎತ್ತದ ಈ ಮೂರ್ಖನದು, ಅದಕ್ಕೂ ಮೊದಲು ಕಾಯಿ ನೀರಿನದು ಎಂದು ಹೇಳಲು ಬಾಯಿ ತೆರೆದೆ. ಪರಸಪ್ಪ ನನ್ನ ಕಾಲನ್ನು ಬಲವಾಗಿ ತುಳಿದ.

"ನಂದ ತಪ್ಪು," ಎಂದ. "ಹೋದ ಸಲ ಸರ್ವಿಸ್ ಮಾಡಿದಾಗ ಒಂದು ವೈರ್ ನೆಟ್ಟಗ ಕೂಡಿಸಿರಲಿಲ್ಲ. ಕಿಲುಬು ಹಿಡಿದಿತ್ತು. ಪೂರಾ ನಂದ ತಪ್ಪು."

ಹರೀಶನ ಪೆನ್ನು ನಿಂತಿತು. ನಾನು ಕಾಲಿನ ನೋವನ್ನೂ ಮರೆತು ಪರಸಪ್ಪನ ಮುಖ ನೋಡಿದೆ. ಬೆವರುತ್ತಿದ್ದ. ಜೀವನದಲ್ಲಿ ಮೊದಲ ಸಲ ಹೇಳಿದ ಮಾತು, ಅದೂ ಸುಳ್ಳು. ಕೇಸರಿಬಾಯಿ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡ್ರಿ ಅಣ್ಣಾರ, ಎಲ್ಲಾರ ಕೈಯಾಗೂ ಆಕ್ಕೈತಿ" ಎಂದು ಅವನಿಗೇ ಸಮಾಧಾನ ಹೇಳಿದಳು. ಪರಸಪ್ಪ ತಪ್ಪು ಒಪ್ಪಿಕೊಂಡ ಸುದ್ದಿ ಸಂಜೆಯೊಳಗೆ ದಾಂಡೇಲಿ ಮುಟ್ಟಿತು. ವೈರು ಕೂಡಿಸಲು ಬಾರದವನು ಕಂಪ್ಯೂಟರ್ ರಿಪೇರಿ ಮಾಡುತ್ತಾನಂತೆ ಎಂದು ಟ್ಯಾಕ್ಸಿ ಸ್ಟ್ಯಾಂಡಿನವರು ಮುಂದಿನ ಎರಡು ವರ್ಷ ಅವನನ್ನು ಗೋಳು ಹೊಯ್ದುಕೊಂಡರು. ಅವನು ಬಾಯಿ ಬಿಡಲಿಲ್ಲ. ನನ್ನದನ್ನೂ ಬಿಡಗೊಡಲಿಲ್ಲ.

ಆದರೆ ಕಾಯಿ ನೀರು ನಿಲ್ಲಿಸಬೇಕಿತ್ತಲ್ಲ. ಅಂದು ಹಳಿಯಾಳದಿಂದ ಹೊರಡುವಾಗ ಪರಸಪ್ಪ ಕೇಸರಿಬಾಯಿಯನ್ನು ಕರೆದು ಗಂಭೀರವಾಗಿ ಹೇಳಿದ: "ನೋಡವ್ವಾ, ಈಗ ನಿಮ್ಮ ಗಾಡ್ಯಾಗ ಮಾಬಳೇಶನ ಕಂಪ್ಯೂಟರ್ ಐತಿ. ಅವರ ಮನ್ಯಾಗ ಗಾಲಿ ಮುಂದ ಕಾಯಿ ಒಡೀತಾರ. ಅದಕ್ಕ ಅದ ರೂಢಿ. ನೀನೂ ಹಂಗ ಮಾಡು. ಸೀಟ ಎತ್ತಬ್ಯಾಡ." ಅವಳು ಭಕ್ತಿಯಿಂದ ತಲೆಯಾಡಿಸಿದಳು.

"ಮತ್ತ ನನ್ನ ಕಂಪ್ಯೂಟರ್?" ಎಂದು ದಾರಿಯಲ್ಲಿ ಕೇಳಿದೆ.

"ಈಗ ಹೆಂಗ ಬದಲಿ ಮಾಡ್ಲಿ? ಹೇಳಿಬಿಟ್ಟೇನಲ್ಲ ಆಕಿಗೆ."

ಶನಿವಾರ ಕ್ಯಾಂಪಿನಲ್ಲಿ ಡಾಕಪ್ಪನ ಗಾಡಿ ಪಾಸಾಯಿತು. ಜೂನ್ ಒಂದಕ್ಕೆ ಮಕ್ಕಳು ಹತ್ತಿದರು. ಅರ್ಧ ತಾಸಿಗೆಂದು ಹೋದ ನನ್ನ ಕಂಪ್ಯೂಟರ್ ಅವರ ಜೊತೆ ಸಾಂಬ್ರಾಣಿ ದಾರಿಯಲ್ಲಿ ಓಡಾಡತೊಡಗಿತು. ಎರಡೂ ಒಂದೇ, ವ್ಯತ್ಯಾಸವಿಲ್ಲ ಎಂದು ಗೊತ್ತು. ಆದರೂ ನನ್ನದು ನನ್ನದೇ ಅಲ್ಲವೇ? ಪರಸಪ್ಪ ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದೆ.

ಮುಂದಿನ ಅಮಾವಾಸ್ಯೆ. ಬೆಳಿಗ್ಗೆ ಮುಖ ತೊಳೆಯುತ್ತಿದ್ದೆ. ಮೊದಲ ಬಸ್ಸಿಗೆ ಬಂದ ಕೇಸರಿಬಾಯಿ ಬಾಗಿಲಲ್ಲಿ ನಿಂತಿದ್ದಳು. ಕೈಚೀಲದಲ್ಲಿ ಕಾಯಿ, ಕುಂಕುಮ, ಸೇವಂತಿಗೆ.

"ಅಲ್ಲಿ ಗಾಲಿ ಮುಂದ ಒಡದ ಬಂದೇನ್ರಿ ಅಣ್ಣಾ," ಎಂದಳು. "ನಮ್ಮ ಕಂಪ್ಯೂಟರ್ ನಿಮ್ಮ ಗಾಡ್ಯಾಗ ಐತಲ್ರಿ. ಎರಡು ವರ್ಷ ನಮ್ಮವರನ್ನ ಕಾದೈತಿ. ಅದಕ್ಕ ಸೀಟಿನ ಕೆಳಗಿನ ಕಾಯಿನೀರ ರೂಢಿ. ಹೊಸಾ ಮನ್ಯಾಗ ಅಂತ ಬಿಟ್ರ ಹೆಂಗ್ರಿ? ಇನ್ನ ನಿಮ್ಮನ್ನ ಕಾಯಬೇಕು ಅದು."

ರಕ್ತ ತಲೆಗೇರಿತು. ಎಲ್ಲ ಹೇಳಿಬಿಡಬೇಕು, ಈಗಲೇ, ಒಂದೇ ಉಸಿರಿಗೆ. ಅವಳು ಚಪ್ಪಲಿ ಬಿಟ್ಟು, ಸೆರಗು ತಲೆಗೆ ಹೊದ್ದು, ವ್ಯಾನಿನ ಬಾಗಿಲ ಬಳಿ ಕಾಯುತ್ತಾ ನಿಂತಳು. ನಸುಕಿಗೇ ಎದ್ದು ಬಂದವಳು. ಇನ್ನೂ ಏನೂ ತಿಂದಿರಲಿಲ್ಲ ಎಂದು ಕಾಣುತ್ತಿತ್ತು.

ಪರಸ್ಯಾನನ್ನು ಬಾಯಿಗೆ ಬಂದಂತೆ ಬೈಯುತ್ತಾ ಅಡಿಗೆಮನೆಗೆ ಹೋಗಿ ಖಾಲಿ ಹಾಲಿನ ಪಾಕೀಟೊಂದನ್ನು ಹುಡುಕಿ ತಂದೆ. ಸೀಟು ಎತ್ತಿ, ಅವಳಿಗೆ ಕಾಣದಂತೆ ಬೆನ್ನು ಅಡ್ಡ ಹಿಡಿದು, ಆ ವೈರು ಕೂಡುವ ಜಾಗಕ್ಕೆ ಪಾಕೀಟನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟಿದೆ. ಆಮೇಲೆ ಪಕ್ಕಕ್ಕೆ ಸರಿದು ನಿಂತು, "ಎರಿ ತಂಗೀ" ಎಂದೆ.